ಕಡಲಲ್ಲಿ ಉಜ್ಜಿದ ಚರ್ಮ ಘಟ್ಟದ ಮೇಲೆ ಕೆಡದಿರಲಿ: ಸರ್ಫಿಂಗ್‌ಗೆ ಹೋಗುವ ಮಲೆನಾಡಿನವರಿಗೆ

ಶನಿವಾರ ಬೆಳಗಿನ ಜಾವ ಶಿವಮೊಗ್ಗ ಬಿಡುವುದು. ತೀರ್ಥಹಳ್ಳಿ, ಆಗುಂಬೆ, ಹೆಬ್ರಿ ದಾಟಿ ಮೂಲ್ಕಿಗೋ ಸಸಿಹಿತ್ಲಿಗೋ ಇಳಿಯುವುದು. ಎರಡು ದಿನ ಅಲೆ ಮೇಲೆ ಬಿದ್ದು ಎದ್ದು, ಭಾನುವಾರ ರಾತ್ರಿ ಮನೆ ಸೇರುವುದು. ನನ್ನ ಪರಿಚಯದಲ್ಲೇ ಹೀಗೆ ಹೋಗಿ ಬರುವವರು ಹತ್ತಾರು ಜನ ಇದ್ದಾರೆ. 2016ರಲ್ಲಿ ಸಸಿಹಿತ್ಲಿನಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆದ ಸುದ್ದಿ ಓದಿದ ಮೇಲೆ ನನಗೂ ಆಸೆ ಹತ್ತಿತ್ತು.

ಸೋಮವಾರ ಬೆಳಿಗ್ಗೆ ಬರುವ ಫೋನುಗಳೂ ಹೆಚ್ಚುಕಮ್ಮಿ ಒಂದೇ ತರ. ತೊಡೆ ಸಂದಿ ಉರಿ, ಕಂಕುಳು ಕೆಂಪು, ಎದೆ ಮೇಲೆ ತರಚಿದ ಹಾಗೆ ಗೆರೆ. "ಉಪ್ಪುನೀರು ನಂಗೆ ಅಲರ್ಜಿ ಅನ್ಸುತ್ತೆ" ಅಂತ ಕೇಳುತ್ತಾರೆ. ಬಹುಪಾಲು ಅದು ಅಲರ್ಜಿ ಅಲ್ಲ. ಒದ್ದೆ ಚರ್ಮ ಗಂಟೆಗಟ್ಟಲೆ ಉಜ್ಜಿದ್ದು, ಅಷ್ಟೇ. ಎರಡು ಮೂರು ದಿನದಲ್ಲಿ ವಾಸಿಯಾಗಬೇಕಾದ್ದು. ಆದರೆ ನಮ್ಮಲ್ಲಿ ಅದು ಎಷ್ಟೋ ಸಲ ತಿಂಗಳುಗಟ್ಟಲೆ ಎಳೆಯುತ್ತದೆ. ಯಾಕೆಂದರೆ ಚರ್ಮ ಉಜ್ಜುವುದು ಕಡಲಲ್ಲಿ, ಅದು ಕೆಡುವುದು ಘಟ್ಟ ಹತ್ತಿ ಬಂದ ಮೇಲೆ. ಈ ಥಂಡಿಯಲ್ಲಿ, ಬಟ್ಟೆ ಒಣಗದ ಮನೆಯಲ್ಲಿ, ನಾಚಿಕೆಯಿಂದ ಯಾರಿಗೂ ಹೇಳದೆ ಹಚ್ಚಿಕೊಂಡ ಯಾವುದೋ ಮುಲಾಮಿನಲ್ಲಿ. ಇದೆಲ್ಲ ನನಗೆ ಆಗಿದೆ. ಆದ್ದರಿಂದ ಹೊರಡುವ ದಿನದಿಂದ ಶುರುಮಾಡಿ ಹೇಳುತ್ತೇನೆ.

ಮೊದಲು, ಯಾಕೆ ಉಜ್ಜುತ್ತದೆ

ಸರ್ಫಿಂಗ್‌ನಲ್ಲಿ ನಿಂತುಕೊಳ್ಳುವ ಹೊತ್ತು ಕಡಿಮೆ. ಬೋರ್ಡಿನ ಮೇಲೆ ಬೋರಲಾಗಿ ಮಲಗಿ ಕೈಯಲ್ಲಿ ನೀರು ಹುಟ್ಟು ಹಾಕುವ ಹೊತ್ತೇ ಜಾಸ್ತಿ. ಕಾಲು ಜಾರದಿರಲಿ ಅಂತ ಬೋರ್ಡಿಗೆ ಮೇಣ ಉಜ್ಜಿರುತ್ತಾರೆ. ಆ ಮೇಣಕ್ಕೆ ಮರಳು ಅಂಟಿದರೆ ಅದು ಉಪ್ಪುಕಾಗದದ ಹಾಗೆ ಆಗುತ್ತದೆ. ಅದರ ಮೇಲೆ ನಮ್ಮ ಎದೆ, ಹೊಟ್ಟೆ, ಪಕ್ಕೆ ನೂರಾರು ಸಲ ಹಿಂದೆ ಮುಂದೆ ಸರಿಯುತ್ತವೆ. ಕೈ ಬೀಸುವಾಗ ಕಂಕುಳು ಉಜ್ಜುತ್ತದೆ. ಬೋರ್ಡಿನ ಮೇಲೆ ಕೂತಾಗ ಒಳತೊಡೆ ಉಜ್ಜುತ್ತದೆ. ಕಾಲಿಗೆ ಕಟ್ಟುವ ಹಗ್ಗದ ಪಟ್ಟಿ, ಅಂದರೆ ಲೀಶ್, ಹರಡಿನ ಹತ್ತಿರ ಉಜ್ಜುತ್ತದೆ.

ನೆನೆದ ಚರ್ಮ ಮೆತ್ತಗಾಗಿರುತ್ತದೆ, ಬೇಗ ಸುಲಿಯುತ್ತದೆ. ಮಳೆಗಾಲದಲ್ಲಿ ಗದ್ದೆ ಕೆಲಸ ಮಾಡಿದವರಿಗೆ ಇದು ಗೊತ್ತು. ಮೂರು ದಿನ ನಾಟಿಗೆ ನಿಂತರೆ ಬೆರಳ ಸಂದಿ ಬೆಳ್ಳಗಾಗಿ ಕೆಸರುಹುಣ್ಣು ಶುರುವಾಗುತ್ತದಲ್ವಾ, ಅದೇ ಲೆಕ್ಕ. ಇಲ್ಲಿ ಉಪ್ಪೂ ಸೇರುತ್ತದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಆಸ್ಪತ್ರೆಯಲ್ಲಿ ಗಾಯ ತೊಳೆಯುವ ಸಲೈನ್‌ನಲ್ಲಿ ಇರುವುದು 9 ಗ್ರಾಂ. ದಡಕ್ಕೆ ಬಂದು ಮೈ ಒಣಗಿದ ಮೇಲೆ ಆ ಉಪ್ಪು ಹರಳಾಗಿ ಚರ್ಮದ ಮೇಲೇ ಉಳಿಯುತ್ತದೆ, ಬಟ್ಟೆಯ ಜೊತೆ ಸೇರಿ ಮತ್ತೆ ಉಜ್ಜುತ್ತದೆ.

ಹೊರಡುವ ಮೊದಲು

ಬಟ್ಟೆಯೇ ಮುಕ್ಕಾಲು ಔಷಧಿ. ಮೈಗೆ ಅಂಟಿ ಕೂರುವ, ತುಂಬು ತೋಳಿನ ಲೈಕ್ರಾ ಅಂಗಿ ಒಂದು ಬೇಕು. ರ‍್ಯಾಶ್ ಗಾರ್ಡ್ ಅಂತ ಕೇಳಿದರೆ ಕೊಡುತ್ತಾರೆ. ಸಡಿಲ ಟೀ ಶರ್ಟು ಬೇಡ. ನೀರು ಕುಡಿದು ಭಾರವಾಗಿ, ಮಡಿಕೆ ಬಿದ್ದು, ಮಡಿಕೆ ಬಿದ್ದಲ್ಲೆಲ್ಲ ಗೀರುತ್ತದೆ. ಕೊಳ್ಳುವಾಗ ಅಂಗಿಯನ್ನು ಒಳಹೊರಗು ಮಾಡಿ ಕಂಕುಳ ಹೊಲಿಗೆ ಮೇಲೆ ಹೆಬ್ಬೆರಳು ಆಡಿಸಿ ನೋಡಿ. ಬೆರಳಿಗೆ ಉಬ್ಬು ಸಿಕ್ಕಿದರೆ ಕಂಕುಳಿಗೂ ಸಿಗುತ್ತದೆ. ಚಪ್ಪಟೆ ಹೊಲಿಗೆಯದ್ದನ್ನೇ ತಗೊಳ್ಳಿ. ಹೊಸದಾದರೆ ಒಮ್ಮೆ ಒಗೆದು ಹಾಕಿಕೊಳ್ಳಿ.

ಚಡ್ಡಿಯ ವಿಷಯಕ್ಕೆ ಬಂದರೆ, ಒಳಗೆ ಬಲೆಯಂತಹ ಲೈನಿಂಗ್ ಇರುವ ಈಜು ಚಡ್ಡಿಯೇ ಒಳತೊಡೆಯ ದೊಡ್ಡ ಶತ್ರು. ಆ ಬಲೆಯೊಳಗೆ ಮರಳು ಕೂತರೆ ಹೋಗುವುದಿಲ್ಲ. ಮಂಡಿ ಮೇಲಿನವರೆಗೆ ಬರುವ ಬಿಗಿ ಲೈಕ್ರಾ ಚಡ್ಡಿ ಒಳಗೆ ಹಾಕಿ, ಮೇಲೆ ಬೇಕಾದ್ದು ಹಾಕಿ. ಮುಂದೆ ಗಂಟು ಹಾಕುವ ದಾರ ಇದ್ದರೆ ಗಂಟನ್ನು ಒಳಗೆ ಸೇರಿಸಬೇಡಿ. ಅದರ ಮೇಲೇ ಮಲಗುತ್ತೀರಿ, ಹೊಟ್ಟೆ ಚರ್ಮ ಅರ್ಧ ಗಂಟೆಯಲ್ಲಿ ಕೆಂಪಾಗುತ್ತದೆ. ಹೆಣ್ಣುಮಕ್ಕಳಿಗೆ ನನ್ನ ತಂಗಿ ಹೇಳುವುದು ಇಷ್ಟು: ಗಂಟು, ಕೊಕ್ಕೆ, ಸಣ್ಣ ಪಟ್ಟಿ ಇರುವ ಒಳಉಡುಪು ಬೇಡ, ಅಗಲ ಪಟ್ಟಿಯ ಸ್ಪೋರ್ಟ್ಸ್ ಬ್ರಾ ಮತ್ತು ಕಣಕಾಲವರೆಗಿನ ಲೆಗ್ಗಿಂಗ್ಸ್ ಸಾಕು. ಲೀಶ್ ಪಟ್ಟಿಯೂ ಆಗ ಬಟ್ಟೆಯ ಮೇಲೇ ಕೂರುತ್ತದೆ.

ಹೋಗುವ ಹಿಂದಿನ ದಿನ ತೊಡೆ, ಕಂಕುಳು, ಎದೆ ಶೇವ್ ಮಾಡಬೇಡಿ. ಎರಡು ಮೂರು ದಿನ ಮೊದಲೇ ಮುಗಿಸಿ.

ಬ್ಯಾಗಿಗೆ ಹಾಕಬೇಕಾದ್ದು: ಎರಡು ಲೀಟರ್ ಸಿಹಿನೀರಿನ ಬಾಟಲಿ, ಮೆತ್ತಗಿನ ಹಳೇ ಹತ್ತಿ ಟವೆಲ್, ಒಂದು ಪಂಚೆ ಅಥವಾ ಲುಂಗಿ, ವ್ಯಾಸಲೀನ್ ಅಥವಾ ಮುರುಗಲ ತುಪ್ಪ, ಮತ್ತು ಒದ್ದೆ ಬಟ್ಟೆಗೆ ಒಂದು ಬೇರೆ ಬಟ್ಟೆ ಚೀಲ. ಪಂಚೆ ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನೀರಿಗಿಳಿಯುವಾಗ

ಉಜ್ಜುವ ಜಾಗಕ್ಕೆ ಮೊದಲೇ ಜಿಡ್ಡು ಹಚ್ಚಬೇಕು. ಒಳತೊಡೆ, ಕಂಕುಳು, ಕತ್ತಿನ ಸುತ್ತ, ಗಂಡಸರಾದರೆ ಮೊಲೆತೊಟ್ಟು. ಎದೆ ಹೊಟ್ಟೆಗೆ ಬೇಡ, ಅಂಗೈ ಅಂಗಾಲಿಗೆ ಬೇಡವೇ ಬೇಡ. ನಾನು ಮೊದಲ ಸಲ ಮೈಗೆಲ್ಲ ಕೊಬ್ಬರಿಎಣ್ಣೆ ಬಳಿದುಕೊಂಡು ಹೋಗಿದ್ದೆ. ಕಲಿಸುವ ಹುಡುಗ ಬೋರ್ಡು ಕೈಗೇ ಕೊಡಲಿಲ್ಲ. "ಎಣ್ಣೆ ತಾಗಿದ್ರೆ ಇದ್ರ ಮೇಲೆ ನಿಲ್ಲಲಿಕ್ಕೆ ಆಗ್ಲಿಕ್ಕಿಲ್ಲ ಮಾರ್ರೆ, ಮೊದ್ಲು ಕೈ ತೊಳ್ಕೊಳ್ಳಿ" ಅಂದ. ಒದ್ದೆ ಮರಳು ತಗೊಂಡು ಅಂಗೈ ತಿಕ್ಕಿ ಸಮುದ್ರದ ನೀರಲ್ಲಿ ತೊಳೆಯಬೇಕು, ಆಗ ಹೋಗುತ್ತದೆ. ಕೊಬ್ಬರಿಎಣ್ಣೆ ತೆಳ್ಳಗಿರುವುದರಿಂದ ನೀರಲ್ಲಿ ಬೇಗ ಬಿಡುತ್ತದೆ ಕೂಡ.

ನಮ್ಮ ಕಡೆಯವರಿಗೆ ಇದಕ್ಕಿಂತ ಒಳ್ಳೆಯದು ಮನೆಯಲ್ಲೇ ಇದೆ. ಮುರುಗಲ ತುಪ್ಪ. ಕರಾವಳಿಯವರು ಪುನರ್ಪುಳಿ ಅನ್ನುವ ಹಣ್ಣಿನ ಬೀಜದಿಂದ ತೆಗೆದದ್ದು. ಚಳಿಗಾಲದಲ್ಲಿ ಹಿಮ್ಮಡಿ ಒಡೆದರೆ ಅಮ್ಮ ಹಚ್ಚುವುದು ಅದನ್ನೇ. ಮೊಟ್ಟೆಯ ಹಾಗೆ ಉರುಟು ಮಾಡಿಟ್ಟ, ಮಾಸಲು ಬಿಳಿಯ ಗಟ್ಟಿ ಉಂಡೆ. ಉಗುರಲ್ಲಿ ಕೆರೆದರೆ ಮೇಣದ ಪುಡಿಯಂತೆ ಉದುರುತ್ತದೆ. ಆ ಪುಡಿಯನ್ನು ಎರಡು ಬೆರಳ ನಡುವೆ ಹಿಡಿದು ಸ್ವಲ್ಪ ಹೊತ್ತು ತಿಕ್ಕಿದರೆ ಕರಗಿ ತೆಳ್ಳಗೆ ಹರಡುತ್ತದೆ. ಅದು ಕರಗುವುದು ಮೈ ಬಿಸಿಗಿಂತ ತುಸು ಮೇಲೆ. ಆದ್ದರಿಂದ ಹಚ್ಚಿದ ಜಾಗದಲ್ಲಿ ಪದರವಾಗಿ ಕೂತು ನಿಲ್ಲುತ್ತದೆ, ಎಣ್ಣೆಯಂತೆ ಹರಿದು ಹೋಗುವುದಿಲ್ಲ. ನಾನು ಎರಡು ವರ್ಷದಿಂದ ಇದನ್ನೇ ಒಯ್ಯುತ್ತಿದ್ದೇನೆ. ಇಲ್ಲದವರಿಗೆ ವ್ಯಾಸಲೀನ್ ಸಾಕು. ಒಂದು ವಿಷಯ ನೆನಪಿರಲಿ, ವ್ಯಾಸಲೀನ್ ರಬ್ಬರಿನಂತಹ ದಪ್ಪ ವೆಟ್‌ಸೂಟನ್ನು ಹಾಳುಮಾಡುತ್ತದೆ. ನಮ್ಮ ಕರಾವಳಿಯ ನೀರು ಬೆಚ್ಚಗಿರುವುದರಿಂದ ವೆಟ್‌ಸೂಟಿನ ಅಗತ್ಯ ಬೀಳುವುದಿಲ್ಲ. ಬಾಡಿಗೆಗೆ ಕೊಟ್ಟರೆ ಮಾತ್ರ ನೋಡಿಕೊಳ್ಳಿ.

ಮುಖ, ಕತ್ತು, ಕಿವಿ, ಕೈ ಹಿಂಭಾಗಕ್ಕೆ ಎಸ್‌ಪಿಎಫ್ 30ಕ್ಕಿಂತ ಹೆಚ್ಚಿನ, ನೀರಿಗೆ ತಡೆಯುವ ಸನ್‌ಸ್ಕ್ರೀನ್ ಹಚ್ಚಿ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಬಿಸಿಲಿಗೆ ಸುಟ್ಟ ಚರ್ಮ ಉಜ್ಜುವುದನ್ನು ತಾಳಿಕೊಳ್ಳುವುದಿಲ್ಲ.

ಬೋರ್ಡನ್ನು ಮೇಣದ ಮೈ ಕೆಳಗಾಗಿ ಮರಳಿನ ಮೇಲೆ ಇಡಬೇಡಿ. ಇಳಿಯುವ ಮೊದಲು ಅಂಗೈಯಿಂದ ಬೋರ್ಡು ಸವರಿ ಮರಳು ತೊಳೆಯಿರಿ. ಅಲೆಗೆ ಉರುಳಿ ಬಿದ್ದು ಚಡ್ಡಿಯೊಳಗೆ ಮರಳು ತುಂಬಿದರೆ, ಸೊಂಟದುದ್ದ ನೀರಲ್ಲಿ ನಿಂತು ಚಡ್ಡಿ ಅಂಚು ಎಳೆದು ಹೊರಗೆ ಬಿಟ್ಟು ಮುಂದುವರಿಯಿರಿ. ಹತ್ತು ಸೆಕೆಂಡಿನ ಕೆಲಸ. ಇನ್ನು, ಉರಿ ಶುರುವಾದರೆ ಮೇಲೆ ಬನ್ನಿ. "ಇನ್ನೊಂದೇ ಅಲೆ" ಅಂತ ಉಳಿದ ಆ ಅರ್ಧ ಗಂಟೆಯಲ್ಲೇ ಕೆಂಪಾಗಿದ್ದದ್ದು ಸುಲಿಯುವುದು.

ಮೇಲೆ ಬಂದ ಮೊದಲ ಹತ್ತು ನಿಮಿಷ

ಈ ಬರಹದಲ್ಲಿ ಒಂದೇ ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಮೊದಲು ಸಿಹಿನೀರಿನಲ್ಲಿ ಉಪ್ಪು, ಮರಳು ತೊಳೆಯಿರಿ. ಶವರ್ ಇದ್ದರೆ ಸರಿ, ಇಲ್ಲದಿದ್ದರೆ ಬಾಟಲಿ ನೀರು. ತೊಡೆ ಸಂದಿ, ಕಂಕುಳು, ಬೆರಳ ಸಂದಿಗೆ ಮೊದಲು ಸುರಿಯಿರಿ, ತಲೆಗೆ ಆಮೇಲೆ. ನಂತರ ಟವೆಲ್ಲಿನಿಂದ ಒತ್ತಿ ಒತ್ತಿ ನೀರು ತೆಗೆಯಿರಿ, ಒರೆಸಬೇಡಿ. ಗಾಳಿಗೆ ಐದು ನಿಮಿಷ ಬಿಡಿ. ಒದ್ದೆ ಚಡ್ಡಿಯನ್ನು ಅಲ್ಲೇ ಬಿಚ್ಚಿ, ಒಳಚಡ್ಡಿ ಹಾಕದೆ ಪಂಚೆ ಉಟ್ಟುಕೊಂಡು ಬಸ್ಸು ಹತ್ತಿ. ಇದಕ್ಕೇ ಪಂಚೆ ಹೇಳಿದ್ದು. ಮೂಲ್ಕಿಯಿಂದ ಶಿವಮೊಗ್ಗಕ್ಕೆ ನಾಲ್ಕೈದು ಗಂಟೆಯ ದಾರಿ. ಆಗುಂಬೆ ಘಾಟಿಯ ತಿರುವುಗಳಲ್ಲಿ ಸೀಟಿನ ಮೇಲೆ ಆ ಕಡೆ ಈ ಕಡೆ ವಾಲುತ್ತಾ ಕೂತಿರುತ್ತೀರಿ. ಒದ್ದೆ ಚಡ್ಡಿಯಲ್ಲಿ ಕೂತರೆ ಸಮುದ್ರದಲ್ಲಿ ಉಜ್ಜಿದ್ದಕ್ಕಿಂತ ಬಸ್ಸಿನಲ್ಲಿ ಉಜ್ಜುವುದೇ ಜಾಸ್ತಿ. ಹೆಣ್ಣುಮಕ್ಕಳು ಸಡಿಲ ಹತ್ತಿ ಲಂಗವನ್ನೋ ಅಗಲ ಪೈಜಾಮವನ್ನೋ ಹಾಕಿಕೊಳ್ಳಬಹುದು.

"ಸಮುದ್ರದ ನೀರು ಗಾಯಕ್ಕೆ ಒಳ್ಳೇದು, ತೊಳೀಬೇಡ" ಅಂತ ಹೇಳುವವರು ಸಿಗುತ್ತಾರೆ. ನಂಬಬೇಡಿ. ಮೂಲ್ಕಿಯ ಹತ್ತಿರ ಶಾಂಭವಿ, ನಂದಿನಿ ನದಿಗಳು ಬಂದು ಕಡಲು ಸೇರುತ್ತವೆ. ಅಳಿವೆಯ ಬೆಚ್ಚಗಿನ ನೀರು ಬ್ಯಾಕ್ಟೀರಿಯಾಗಳಿಗೂ ಇಷ್ಟದ ಜಾಗ.

ಮನೆಯಲ್ಲಿ ಮೂರು ದಿನ

ರಾತ್ರಿ ಮನೆಗೆ ಬಂದ ಕೂಡಲೇ ಮಲೆನಾಡಿನವರು ಮಾಡುವ ಮೊದಲ ಕೆಲಸ ಗೊತ್ತಲ್ವಾ? ಬಚ್ಚಲೊಲೆಗೆ ಬೆಂಕಿ ಹಾಕಿ, ಹಂಡೆಯ ಸುಡುಸುಡು ನೀರನ್ನು ಮೈಮೇಲೆ ಹುಯ್ದುಕೊಳ್ಳುವುದು. ಸುಸ್ತಿಗೆ ಅದರಷ್ಟು ಹಿತ ಬೇರೆ ಇಲ್ಲ. ಆದರೆ ಉಜ್ಜಿದ ಚರ್ಮಕ್ಕೆ ಅದು ಆಗುವುದಿಲ್ಲ. ಸುಡುನೀರು ಚರ್ಮದ ಜಿಡ್ಡು ತೆಗೆದು ಉರಿ, ತುರಿಕೆ ಎರಡನ್ನೂ ಹೆಚ್ಚಿಸುತ್ತದೆ. ಆ ಮೂರು ದಿನ ಉಗುರುಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿ. ಸೋಪು ಹಾಕುವುದಾದರೆ ಪರಿಮಳ ಕಡಿಮೆ ಇರುವುದನ್ನು ಕೈಯಲ್ಲೇ ನೊರೆ ಮಾಡಿ ಸವರಿ. ಸೀಗೆಪುಡಿ, ನಾರು ಬೇಡ.

ಬರೀ ಕೆಂಪಾಗಿ ಉರಿಯುತ್ತಿದ್ದರೆ ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹತ್ತು ನಿಮಿಷ ಇಡಿ. ಒಣಗಿದ ಮೇಲೆ ವ್ಯಾಸಲೀನ್ ಅಥವಾ ಜಿಂಕ್ ಆಕ್ಸೈಡ್ ಕ್ರೀಮನ್ನು ತೆಳ್ಳಗೆ ಸವರಿ. ಮಕ್ಕಳ ಡೈಪರ್ ರ‍್ಯಾಶ್‌ಗೆ ಹಚ್ಚುವ ಬಿಳಿ ಕ್ರೀಮಿನಲ್ಲಿ ಇರುವುದು ಜಿಂಕ್ ಆಕ್ಸೈಡೇ. ತುರಿಕೆ ಜಾಸ್ತಿ ಇದ್ದರೆ ಕ್ಯಾಲಮೈನ್ ಲೋಷನ್.

ಚರ್ಮ ಸುಲಿದು ಒದ್ದೆ ಒಸರುತ್ತಿದ್ದರೆ ಉಪ್ಪುನೀರಿನಲ್ಲಿ ತೊಳೆಯಿರಿ. ಇದು ಕಡಲ ನೀರಲ್ಲ, ಮನೆಯ ಉಪ್ಪುನೀರು. ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಮಟ್ಟಸ ಚಹಾ ಚಮಚ ಪುಡಿ ಉಪ್ಪು. ತೊಳೆದು, ಒತ್ತಿ ಒಣಗಿಸಿ, ವ್ಯಾಸಲೀನ್ ಹಚ್ಚಿ, ಮೇಲೆ ಅಂಟದ ಡ್ರೆಸ್ಸಿಂಗ್ ಇಡಿ. ದಿನಕ್ಕೊಮ್ಮೆ, ಒದ್ದೆಯಾದರೆ ಕೂಡಲೇ ಬದಲಿಸಿ. ಹಕ್ಕಳೆ ಕಟ್ಟಿದರೆ ಕೀಳಬೇಡಿ.

ಸುಲಿದ ಗಾಯಕ್ಕೆ ಅಡುಗೆಮನೆಯ ಅರಿಶಿನಪುಡಿ ತುಂಬಬೇಡಿ. ಅದು ಗಂಟುಗಟ್ಟಿ ಮತ್ತೆ ಉಜ್ಜುತ್ತದೆ, ಡಬ್ಬಿಯ ಪುಡಿ ಶುದ್ಧವಾಗಿರುತ್ತದೆ ಅಂತಲೂ ಹೇಳಲಾಗುವುದಿಲ್ಲ. ಮುರುಗಲ ತುಪ್ಪವೂ ಸುಲಿಯದ ಚರ್ಮಕ್ಕೆ ಮಾತ್ರ, ತೆರೆದ ಗಾಯಕ್ಕಲ್ಲ. ನೀರು ಬೆರೆಸದ ಡೆಟಾಲ್, ಸ್ಪಿರಿಟ್, ಟೂತ್‌ಪೇಸ್ಟ್ ಇವು ಯಾವುದೂ ಬೇಡ. ಪೌಡರ್ ಕೂಡ ಬೆವರಿನ ಜೊತೆ ಸೇರಿ ಮುದ್ದೆಯಾಗುತ್ತದೆ.

ಬಟ್ಟೆ ಒಣಗಿಸುವುದು ನಮಗೆ ದೊಡ್ಡ ಸವಾಲು. ಜೂನಿಂದ ಅಲೆಗಳು ಜೋರಾಗುವುದರಿಂದ ಕಲಿಯುವವರು ಮಳೆಗಾಲದಲ್ಲಿ ಹೋಗಲೇಬಾರದು. ಆದರೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಕೆಳಗೆ ಬಿಸಿಲಿದ್ದರೂ ಮೇಲೆ ನಮ್ಮ ಅಂಗಳದಲ್ಲಿ ಹಾವಸೆ ಹೋಗಿರುವುದಿಲ್ಲ. ಬಚ್ಚಲೊಲೆ ಮೇಲಿನ ಗಳುವಿಗೆ ಒಳಚಡ್ಡಿ, ಪಂಚೆ, ಟವೆಲ್ ಹಾಕಬಹುದು. ಲೈಕ್ರಾ ಹಾಕಬೇಡಿ. ಬೆಂಕಿಯ ಶಾಖಕ್ಕೆ ಅದರ ಎಳೆತ ಸತ್ತು ಜೋಲು ಬೀಳುತ್ತದೆ, ಜೋಲು ಬಿದ್ದ ಅಂಗಿ ಮುಂದಿನ ಸಲ ಉಜ್ಜುತ್ತದೆ. ತಣ್ಣೀರಲ್ಲಿ ಜಾಲಿಸಿ, ಟವೆಲ್ಲಿನಲ್ಲಿ ಸುತ್ತಿ ಒತ್ತಿ, ಫ್ಯಾನ್ ಕೆಳಗೆ ಹಾಕಿ. ಒಳಉಡುಪು ಮುಟ್ಟಿದರೆ ಥಂಡಿ ಅನ್ನಿಸಿದರೆ ಹಾಕಿಕೊಳ್ಳಬೇಡಿ. ಇಸ್ತ್ರಿ ಪೆಟ್ಟಿಗೆ ಇದೆಯಲ್ಲ, ಒಮ್ಮೆ ಆಡಿಸಿ.

ಮೆಡಿಕಲ್ ಶಾಪಿನ ಟ್ಯೂಬು

ನನ್ನ ಕಥೆ ಇಲ್ಲಿದೆ. ಮೂರು ವರ್ಷದ ಹಿಂದೆ, ಅಕ್ಟೋಬರ್. ಒದ್ದೆ ಚಡ್ಡಿಯಲ್ಲೇ ಘಾಟಿ ಹತ್ತಿ ಬಂದೆ. ಮರುದಿನ ಎರಡೂ ಒಳತೊಡೆ ಹಸಿಹಸಿ. ಯಾರಿಗೂ ತೋರಿಸದೆ ಒಂದು ಮೆಡಿಕಲ್ ಶಾಪಿಗೆ ಹೋಗಿ "ತೊಡೆ ಸಂದಿ ತುರಿಕೆಗೆ ಏನಾದ್ರೂ ಕೊಡಿ" ಅಂದೆ. ಚೀಟಿ ಕೇಳದೆ ಒಂದು ಟ್ಯೂಬು ಕೊಟ್ಟರು. ಮೂರೇ ದಿನದಲ್ಲಿ ಕೆಂಪು ಮಾಯ. ಎಷ್ಟು ಒಳ್ಳೆ ಔಷಧಿ ಅಂತ ನಿಲ್ಲಿಸಿದೆ. ವಾರದಲ್ಲಿ ಮತ್ತೆ ಬಂತು, ಈ ಸಲ ಅಂಚು ಉಬ್ಬಿದ ಉಂಗುರದ ಹಾಗೆ. ಮತ್ತೆ ಹಚ್ಚಿದೆ, ಮತ್ತೆ ಹೋಯಿತು, ಮತ್ತೆ ಬಂತು. ದೀಪಾವಳಿ ಕಳೆಯುವಷ್ಟರಲ್ಲಿ ಸೊಂಟದವರೆಗೆ ಹಬ್ಬಿತ್ತು. ಅಮ್ಮನಿಗೆ ಗೊತ್ತಾಗಿ "ಇಷ್ಟ್ ದಿನ ಯಾಕ್ ಹೇಳ್ಲಿಲ್ಲ ಮಾರಾಯಾ, ಮೈಗೆ ಬಂದಿದ್ದಕ್ಕೆ ಎಂಥ ನಾಚ್ಕೆ?" ಅಂತ ಬೈದು ಕಳಿಸಿದ ಮೇಲೆ ಚರ್ಮದ ಡಾಕ್ಟರ ಹತ್ತಿರ ಹೋದೆ.

ಅವರು ತೊಡೆ ನೋಡುವ ಮೊದಲು ಟ್ಯೂಬು ಕೇಳಿದರು. ಹಿಂದೆ ತಿರುಗಿಸಿ, ಪೆನ್ನಿನ ತುದಿಯಲ್ಲಿ ಸಣ್ಣ ಅಕ್ಷರದ ಒಂದು ಹೆಸರು ತೋರಿಸಿದರು: ಕ್ಲೋಬೆಟಾಸಾಲ್. ಅದು ತುಂಬಾ ಜೋರಿನ ಸ್ಟಿರಾಯ್ಡ್. ಫಂಗಸ್ ಔಷಧಿ, ಬ್ಯಾಕ್ಟೀರಿಯಾ ಔಷಧಿ, ಸ್ಟಿರಾಯ್ಡ್ ಮೂರನ್ನೂ ಬೆರೆಸಿದ ಮುಲಾಮು ಅದು. ಸ್ಟಿರಾಯ್ಡ್ ಕೆಂಪು, ತುರಿಕೆಯನ್ನು ಬೇಗ ಅಡಗಿಸುತ್ತದೆ. ಆದರೆ ಚರ್ಮದ ಕಾವಲನ್ನೂ ಅಡಗಿಸುತ್ತದೆ, ಒಳಗೆ ಹುಳುಕಡ್ಡಿಯ ಫಂಗಸ್ ಆರಾಮಾಗಿ ಬೆಳೆಯುತ್ತದೆ. ಜಾಸ್ತಿ ದಿನ ಹಚ್ಚಿದರೆ ತೊಡೆ ಸಂದಿಯ ಚರ್ಮ ತೆಳುವಾಗಿ ಬಿಳಿ ಗೆರೆ ಬೀಳುತ್ತದೆ, ಆ ಗೆರೆ ಹೋಗುವುದಿಲ್ಲ. ನನಗೆ ವಾಸಿಯಾಗಲು ಎರಡೂವರೆ ತಿಂಗಳು ಬೇಕಾಯಿತು. ಗೆರೆಗಳು ಈಗಲೂ ಇವೆ.

2018ರಲ್ಲಿ ಕೇಂದ್ರ ಸರ್ಕಾರ ಇಂತಹ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ವೈದ್ಯರ ಚೀಟಿ ಇಲ್ಲದೆ ಅವನ್ನು ಮಾರುವಂತಿಲ್ಲ. ಆದರೂ ಅಂಗಡಿಯಲ್ಲೇ ಟ್ಯೂಬು ತಿರುಗಿಸಿ ಓದಿ. ಹೆಸರಿನ ಕೊನೆ "ಸೋನ್" ಅಂತ ಇದ್ದರೆ (ಬೀಟಾಮೆಥಾಸೋನ್, ಮೊಮೆಟಾಸೋನ್, ಬೆಕ್ಲೊಮೆಥಾಸೋನ್) ಅಥವಾ ಕ್ಲೋಬೆಟಾಸಾಲ್ ಇದ್ದರೆ ವಾಪಸ್ ಕೊಡಿ.

ಹಾಗಾದರೆ ಉಜ್ಜಿದ್ದು ಯಾವಾಗ ಹುಳುಕಡ್ಡಿ ಆಯಿತು ಅಂತ ಹೇಗೆ ಗೊತ್ತಾಗುತ್ತದೆ? ಬರೀ ಉಜ್ಜಿದ್ದಾದರೆ ಉರಿ ಜಾಸ್ತಿ, ತುರಿಕೆ ಕಡಿಮೆ, ದಿನದಿಂದ ದಿನಕ್ಕೆ ಕುಗ್ಗುತ್ತದೆ. ಹುಳುಕಡ್ಡಿಯಲ್ಲಿ ತುರಿಕೆಯೇ ಜಾಸ್ತಿ. ಬೆವರಿದಾಗ, ರಾತ್ರಿ ಹೆಚ್ಚಾಗುತ್ತದೆ. ಅಂಚು ಉಬ್ಬಿ, ಹೊಟ್ಟೆದ್ದು, ನಡುವೆ ಮಾಸಿ, ಹೊರಕ್ಕೆ ಹಬ್ಬುತ್ತದೆ. ಹಾಗಾದರೆ ಡಾಕ್ಟರಿಗೆ ತೋರಿಸಿ. ಶಿವಮೊಗ್ಗದ ಮೆಗ್ಗಾನ್ ಸರ್ಕಾರಿ ಆಸ್ಪತ್ರೆಯಲ್ಲೂ ಚರ್ಮರೋಗ ವಿಭಾಗ ಇದೆ. ಫಂಗಸ್ ಕ್ರೀಮು ಕೊಟ್ಟರೆ ಉಂಗುರದ ಹೊರಗೂ ಎರಡು ಸೆಂಟಿಮೀಟರ್ ಹಚ್ಚಿ. ಮಾಸಿದಂತೆ ಕಂಡ ಮೇಲೂ ಅವರು ಹೇಳಿದಷ್ಟು ದಿನ ನಿಲ್ಲಿಸಬೇಡಿ. ಟವೆಲ್ಲು, ಪಂಚೆ ಯಾರ ಜೊತೆಗೂ ಹಂಚಿಕೊಳ್ಳಬೇಡಿ.

ಉಜ್ಜಿದ್ದಲ್ಲದ ಉರಿ

ನೀರಲ್ಲಿದ್ದಾಗಲೇ ಛಾಟಿ ಬೀಸಿದಂತೆ ಚುರುಕ್ ಅಂದು ಗೆರೆಗೆರೆಯಾಗಿ ಎದ್ದರೆ ಅದು ಜೆಲ್ಲಿ ಫಿಶ್, ಲೋಳೆ ಮೀನು. ಇದೊಂದಕ್ಕೆ ಮೊದಲು ಸಿಹಿನೀರು ಹಾಕಬಾರದು, ಸಮುದ್ರದ ನೀರಲ್ಲೇ ತೊಳೆಯಬೇಕು. ಅಂಟಿದ ಎಳೆಗಳನ್ನು ಚಿಮುಟದಿಂದ ತೆಗೆಯಿರಿ. ಬರಿಗೈಯಲ್ಲಿ ಬೇಡ, ಮರಳು ಹಾಕಿ ತಿಕ್ಕಬೇಡಿ. ಆಮೇಲೆ ತಡೆಯುವಷ್ಟು ಬಿಸಿಯ ನೀರಲ್ಲಿ, ಸುಮಾರು 45 ಡಿಗ್ರಿ ಮೀರದಂತೆ, ಇಪ್ಪತ್ತರಿಂದ ನಲವತ್ತು ನಿಮಿಷ ಅದ್ದಿಡಿ. ಉಸಿರು ಕಟ್ಟಿದರೆ, ಮುಖ ಊದಿದರೆ, ಎದೆ ನೋವು ಬಂದರೆ ಅಲ್ಲಿಂದಲೇ ಆಸ್ಪತ್ರೆಗೆ.

ಕಡಲಿಗೆ ಹೋಗದ ವಾರ ಕೈ ಹುಟ್ಟು ಹಾಕುವ ಅಭ್ಯಾಸಕ್ಕೆ ಕೆರೆಗೋ ಹಿನ್ನೀರಿಗೋ ಇಳಿಯುವವರಿಗೂ ಒಂದು ಮಾತು. ನೀರಲ್ಲಿದ್ದ ಭಾಗಕ್ಕೆ ಮಾತ್ರ ಕೆಂಪು ಗುಳ್ಳೆ ಎದ್ದು ವಿಪರೀತ ತುರಿಸಿದರೆ ಅದು ಬಸವನಹುಳುಗಳಿಂದ ನೀರಿಗೆ ಬಿಡುವ ಪರಾವಲಂಬಿ ಮರಿಗಳ ಕೆಲಸ ಇರಬಹುದು. ದನ, ಹಕ್ಕಿಗಳ ಮೈಯಲ್ಲಿ ಬದುಕುವ ಹುಳುಗಳವು. ನಮ್ಮ ಚರ್ಮದಲ್ಲಿ ಹೊಕ್ಕು ಅಲ್ಲೇ ಸಾಯುತ್ತವೆ. ಒಂದು ವಾರದಲ್ಲಿ ಹೋಗುತ್ತದೆ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಕ್ಯಾಲಮೈನ್ ಸಾಕು. ಮೇಲೆ ಬಂದ ತಕ್ಷಣ ಮೈ ಒರೆಸಿಕೊಂಡರೆ ಕಡಿಮೆಯಾಗುತ್ತದೆ.

ಬಂಡೆಗೆ ಅಂಟಿದ ಚಿಪ್ಪು ಕೊಯ್ದ ಗಾಯವನ್ನು ಸಣ್ಣದು ಅಂತ ಬಿಡಬೇಡಿ. ಹರಿಯುವ ನೀರಲ್ಲಿ ಮರಳು ಪೂರ್ತಿ ಹೋಗುವವರೆಗೆ ತೊಳೆಯಿರಿ. ಟಿ.ಟಿ. ಚುಚ್ಚುಮದ್ದು ಹಾಕಿಸಿ ಐದು ವರ್ಷ ದಾಟಿದ್ದರೆ ಡಾಕ್ಟರನ್ನು ಕೇಳಿ. ಸಕ್ಕರೆ ಕಾಯಿಲೆ ಅಥವಾ ಲಿವರ್ ತೊಂದರೆ ಇರುವವರು ಅದೇ ದಿನ ತೋರಿಸಬೇಕು.

ಯಾವುದೇ ಗಾಯವಿರಲಿ, ಕೆಂಪು ಹಬ್ಬುತ್ತಾ ಹೋದರೆ, ಮುಟ್ಟಿದರೆ ಬಿಸಿ ಇದ್ದರೆ, ಕೀವು ಬಂದರೆ, ಜ್ವರ ಬಂದರೆ, ತೊಡೆ ಸಂದಿಯಲ್ಲಿ ಗಡ್ಡೆ ಕಟ್ಟಿದರೆ, ವಾರವಾದರೂ ಮಾಯದಿದ್ದರೆ ಮನೆಮದ್ದು ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಮತ್ತೆ ಯಾವಾಗ ಇಳಿಯಬಹುದು

ಕಣ್ಣಿಗೆ ವಾಸಿಯಾದಂತೆ ಕಂಡರೆ ಸಾಲದು. ನಾನು ಹೊರಡುವ ಹಿಂದಿನ ರಾತ್ರಿ ಒಂದು ಪರೀಕ್ಷೆ ಮಾಡುತ್ತೇನೆ. ಒಂದು ಲೋಟ ನೀರಿಗೆ ಒಂದು ದೊಡ್ಡ ಚಮಚದ ಅರ್ಧದಷ್ಟು ಉಪ್ಪು ಕರಗಿಸಿ, ಹತ್ತಿಯಲ್ಲಿ ಅದ್ದಿ ಆ ಜಾಗಕ್ಕೆ ಒತ್ತಿ ಹಿಡಿಯುತ್ತೇನೆ. ಏನೂ ಅನ್ನಿಸದಿದ್ದರೆ ಬ್ಯಾಗು ಕಟ್ಟುತ್ತೇನೆ. ಸ್ವಲ್ಪ ಚುರುಗುಟ್ಟಿದರೂ ಸಿಹಿನೀರಲ್ಲಿ ತೊಳೆದು, ಜೊತೆಯವರಿಗೆ ಫೋನ್ ಮಾಡಿ ಮುಂದಿನ ವಾರಕ್ಕೆ ಹಾಕುತ್ತೇನೆ.